ಅಗ್ರಸ್ಥಾನದಲ್ಲಿದ್ದಾಗಲೇ ಬದಲಾವಣೆ: ಒಂದು ಪಿಕಪ್ ಟ್ರಕ್ಕಿನ ಪಾಠ

ಮಾರುಕಟ್ಟೆಯಲ್ಲಿ ಚೆನ್ನಾಗಿ ಓಡುತ್ತಿರುವ ಸರಕನ್ನು ಬದಲಾಯಿಸಬೇಕೆ, ಬೇಡವೆ? ಸಣ್ಣ ಕೈಗಾರಿಕೋದ್ಯಮಿಗಳನ್ನು ಪದೇ ಪದೇ ಕಾಡುವ ಪ್ರಶ್ನೆಯಿದು. ಓಡುವ ಸರಕಿಗೆ ಕೈ ಹಚ್ಚಬಾರದೆಂಬುದು ಬಹುಮಂದಿಯ ನಂಬಿಕೆ. ಅಮೆರಿಕದ ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್ ಟ್ರಕ್ಕುಗಳ ಇತಿಹಾಸವು ಈ ನಂಬಿಕೆಗೆ ವಿರುದ್ಧವಾದ ಸಾಕ್ಷ್ಯವನ್ನು ಒದಗಿಸುತ್ತದೆ. 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ ಎಂಬ ಸ್ಥಾನವನ್ನು ಅವು ಉಳಿಸಿಕೊಂಡು ಬಂದಿರುವುದು ನಿಂತ ನೀರಾಗಿ ಅಲ್ಲ.

1925ರಲ್ಲಿ ಫೋರ್ಡ್ ತನ್ನ ಟಿ ಮಾದರಿಯ ಕಾರಿನ ಹಿಂಬದಿಗೆ ಸರಕಿನ ಪೆಟ್ಟಿಗೆಯನ್ನು ಜೋಡಿಸಿ 281 ಡಾಲರಿಗೆ ಮಾರಿತು. ಎರಡನೆಯ ಮಹಾಯುದ್ಧದ ನಂತರ, 1948ರಲ್ಲಿ, ಅರ್ಧ ಟನ್ನಿನ ಎಫ್-1ರಿಂದ ಭಾರಿ ಗಾತ್ರದ ಎಫ್-8ರವರೆಗೆ ಟ್ರಕ್ಕುಗಳ ಸರಣಿಯನ್ನೇ ಹೊರತಂದಿತು. 1953ರಲ್ಲಿ ಎಫ್-1 ಎಂಬುದು ಎಫ್-100 ಆಯಿತು. ಚಾಲಕನ ಅನುಕೂಲಕ್ಕೆಂದು ಅದರ ಕ್ಯಾಬಿನ್ನನ್ನು ಹೊಸದಾಗಿ ರೂಪಿಸಲಾಯಿತು. 1965ರಲ್ಲಿ ಮುಂದಿನ ಎರಡು ಚಕ್ರಗಳು ರಸ್ತೆಯ ಉಬ್ಬುತಗ್ಗುಗಳನ್ನು ಪ್ರತ್ಯೇಕವಾಗಿ ತಾಳಿಕೊಳ್ಳುವ ಸಸ್ಪೆನ್ಷನ್ ಬಂದಿತು.

1975ರಲ್ಲಿ ಜನಿಸಿದ ಎಫ್-150ರ ಹಿಂದೆ ಕಾನೂನಿನ ಪಾತ್ರವಿತ್ತು. ಸರಕೂ ಸೇರಿದಂತೆ ಒಟ್ಟು ತೂಕ 6,000 ಪೌಂಡು, ಅಂದರೆ ಸುಮಾರು 2,700 ಕಿ.ಗ್ರಾಂ. ಮೀರಿದ ವಾಹನಗಳಿಗೆ ಆಗ ಹೊಗೆ ನಿಯಂತ್ರಣದ ನಿಯಮಗಳು ಸಡಿಲವಾಗಿದ್ದವು. ಆ ಮಿತಿಯನ್ನು ತುಸುವೇ ದಾಟುವಂತೆ ರೂಪಿಸಿದ ಟ್ರಕ್ಕೇ ಎಫ್-150. ಮುಂದೆ ಅದೇ ಸರಣಿಯ ಮುಖವಾಯಿತು. ವಾರವಿಡೀ ದುಡಿದ ಟ್ರಕ್ಕಿನಲ್ಲಿಯೇ ಹೆಂಡತಿ ಮಕ್ಕಳೊಡನೆ ಪ್ರಯಾಣ ಮಾಡುವ ಗ್ರಾಹಕರಿಗಾಗಿ 2001ರ ಮಾದರಿಯಲ್ಲಿ ನಾಲ್ಕು ಪೂರ್ಣ ಬಾಗಿಲುಗಳ ಕ್ಯಾಬಿನ್ ಬಂದಿತು.

ಆದರೆ ನಿಜವಾದ ಎದೆಗಾರಿಕೆ ಕಂಡುಬಂದದ್ದು 2015ರ ಮಾದರಿಯಲ್ಲಿ. ಮಾರಾಟದಲ್ಲಿ ಮೊದಲಿಗನಾಗಿದ್ದಾಗಲೇ ಕಂಪನಿಯು ಉಕ್ಕಿನ ಬಾಡಿಯನ್ನು ಕೈಬಿಟ್ಟು ಅಲ್ಯೂಮಿನಿಯಂ ಮಿಶ್ರಲೋಹದ ಬಾಡಿಯನ್ನು ಅಳವಡಿಸಿತು. ತೂಕ 700 ಪೌಂಡುಗಳವರೆಗೆ, ಅಂದರೆ ಸುಮಾರು 318 ಕಿ.ಗ್ರಾಂ. ಇಳಿಯಿತು. ಇದಕ್ಕಾಗಿ ಕಾರ್ಖಾನೆಗಳನ್ನು ವಾರಗಟ್ಟಲೆ ಮುಚ್ಚಿ, ಸ್ಪಾಟ್ ವೆಲ್ಡಿಂಗಿನ ಜಾಗದಲ್ಲಿ ರಿವೆಟ್ ಹಾಗೂ ಅಂಟಿನ ಜೋಡಣೆಗೆ ಬೇಕಾದ ಯಂತ್ರಗಳನ್ನು ಹೂಡಬೇಕಾಯಿತು. ಅಲ್ಯೂಮಿನಿಯಂ ದುರ್ಬಲವೆಂದು ಪ್ರತಿಸ್ಪರ್ಧಿ ಷೆವರ್ಲೆ ಜಾಹೀರಾತುಗಳಲ್ಲಿ ಹೀಗಳೆಯಿತು. ಆದರೂ ಅಗ್ರಸ್ಥಾನ ಕೈತಪ್ಪಲಿಲ್ಲ.

ಈ ಯಶಸ್ಸಿಗೆ ಸುಂಕದ ಗೋಡೆಯೇ ಕಾರಣವೆಂದು ವಾದಿಸುವವರಿದ್ದಾರೆ. 1964ರಿಂದ ಅಮೆರಿಕವು ಆಮದು ಟ್ರಕ್ಕುಗಳ ಮೇಲೆ ಶೇ. 25ರಷ್ಟು ಸುಂಕ ವಿಧಿಸಿತು. ತನ್ನ ಕೋಳಿಮಾಂಸದ ಮೇಲೆ ಯೂರೋಪು ಹೇರಿದ ಸುಂಕಕ್ಕೆ ಅದು ನೀಡಿದ ಪ್ರತ್ಯುತ್ತರವದು. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅದೇ ಗೋಡೆಯ ನೆರಳು ಷೆವರ್ಲೆಗೂ ಡಾಡ್ಜ್‌ಗೂ ದೊರಕಿತ್ತು. ರಕ್ಷಣೆಯು ಹೊರಗಿನವರನ್ನು ತಡೆಯಬಲ್ಲದು. ಪಕ್ಕದ ಅಂಗಡಿಯವನನ್ನು ತಡೆಯಲಾರದು.

ಹಾಗೆಂದು ಬದಲಾವಣೆಯೆಲ್ಲವೂ ಲಾಭಕರವಲ್ಲ. 2021ರ ಹೈಬ್ರಿಡ್ ಎಫ್-150ರಲ್ಲಿ 7.2 ಕಿಲೋವ್ಯಾಟ್‌ವರೆಗೆ ವಿದ್ಯುತ್ ಒದಗಿಸುವ ವ್ಯವಸ್ಥೆಯಿತ್ತು. ಜನರೇಟರನ್ನು ಹೊತ್ತೊಯ್ಯುವ ತೊಂದರೆಯಿಲ್ಲದೆ ಕಟ್ಟಡದ ಕೆಲಸಗಾರರು ತಮ್ಮ ಉಪಕರಣಗಳನ್ನು ಓಡಿಸಬಹುದಾಗಿತ್ತು. 2022ರಲ್ಲಿ ಬಂದ ಪೂರ್ಣ ವಿದ್ಯುಚ್ಚಾಲಿತ ಲೈಟ್ನಿಂಗ್ ಮಾದರಿಯ ಆರಂಭಿಕ ಬೆಲೆ 40,000 ಡಾಲರಿನ ಒಳಗಿರುವುದೆಂದು ಸಾರಲಾಗಿತ್ತು. ಆದರೆ ಬೆಲೆ ಬೇಗನೆ ಏರಿತು. ಭಾರವಾದ ಟ್ರೇಲರನ್ನು ಎಳೆಯುವಾಗ ಒಂದು ಚಾರ್ಜಿಗೆ ಸಾಗುವ ದೂರವೂ ಅರ್ಧದಷ್ಟಕ್ಕೆ ಇಳಿಯುತ್ತಿತ್ತು. 2025ರ ಡಿಸೆಂಬರಿನಲ್ಲಿ ಅದರ ತಯಾರಿಕೆಗೆ ತೆರೆ ಎಳೆಯಲಾಯಿತು. ಮೊದಲನೆಯದು ಗ್ರಾಹಕನ ದುಡಿಮೆಗೆ ಹೆಗಲು ಕೊಟ್ಟಿತು, ಎರಡನೆಯದು ಭಾರ ಎಳೆಯುವವನಿಗೆ ಒದಗಲಿಲ್ಲ.

ಇನ್ನೊಂದು ಎಚ್ಚರಿಕೆಯೂ ಇದೆ. 2025ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಆಸ್ವೀಗೊದಲ್ಲಿರುವ ನೊವೆಲಿಸ್ ಅಲ್ಯೂಮಿನಿಯಂ ಕಾರ್ಖಾನೆಗೆ ಬೆಂಕಿ ಬಿದ್ದಾಗ ಎಫ್-150ರ ಉತ್ಪಾದನೆಯೂ ಕುಂಟಿತು. ಈ ನೊವೆಲಿಸ್ ನಮಗೆ ತೀರ ದೂರದ್ದಲ್ಲ. ಬೆಳಗಾವಿಯಲ್ಲಿ ಅಲ್ಯೂಮಿನಾ ಘಟಕವನ್ನು ಹೊಂದಿರುವ ಹಿಂಡಾಲ್ಕೊ 2007ರಲ್ಲಿ ಅದನ್ನು ಕೊಂಡುಕೊಂಡಿತು. ಕಚ್ಚಾಮಾಲಿಗಾಗಿ ಒಬ್ಬ ಪೂರೈಕೆದಾರನನ್ನೇ ಹೆಚ್ಚಾಗಿ ನೆಚ್ಚಿಕೊಂಡರೆ ಫೋರ್ಡ್‌ನಂತಹ ದೈತ್ಯ ಸಂಸ್ಥೆಯೂ ತತ್ತರಿಸುತ್ತದೆ. ಹತ್ತಿಪ್ಪತ್ತು ಕಾರ್ಮಿಕರ ಘಟಕದ ಪಾಡೇನು?

ನಮ್ಮ ಉದ್ಯಮಿಗಳು ಮನಗಾಣಬೇಕಾದದ್ದು ಇಷ್ಟು. ಬೇಡಿಕೆ ಕುಸಿದ ಮೇಲೆ ಕೈಗೊಳ್ಳುವ ಸುಧಾರಣೆಗೆ ಬಂಡವಾಳವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಲಾಭ ಬರುತ್ತಿರುವ ದಿನಗಳಲ್ಲಿಯೇ ಅದರ ಒಂದು ಪಾಲನ್ನು ಹೊಸ ಅಚ್ಚಿಗೆ, ಹೊಸ ಯಂತ್ರಕ್ಕೆ, ಎರಡನೆಯ ಪೂರೈಕೆದಾರನ ಶೋಧಕ್ಕೆ ತೆಗೆದಿರಿಸುವುದು ವಿವೇಕ. ಏನನ್ನು ಬದಲಾಯಿಸಬೇಕೆಂಬುದನ್ನು ಮಾತ್ರ ನಮ್ಮ ಸರಕನ್ನು ದಿನನಿತ್ಯ ಬಳಸುವವನ ಕೆಲಸವನ್ನು ನೋಡಿ ತೀರ್ಮಾನಿಸಬೇಕು.