ಡ್ರಿಪ್ಪಿನ ಪಕ್ಕದಲ್ಲಿ ಒಬ್ಬರು ಬೇಕು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,



ಉತ್ತರ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳ ಲೇಬರ್ ವಾರ್ಡಿನಲ್ಲಿ 31 ವರ್ಷ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾಗಿದ್ದೇನೆ. ಅಷ್ಟು ವರ್ಷಗಳಲ್ಲಿ ಬಸುರಿಯರ ಮನೆಯವರಿಂದ ನಾನು ಅತಿ ಹೆಚ್ಚು ಕೇಳಿದ ಮಾತು, “ಸಿಸ್ಟರ್, ಬ್ಯಾನಿ ಬರೂ ಇಂಜೆಕ್ಷನ್ ಮಾಡ್ರಿ, ಲಗೂನ ಹಡೀಲಿ.” ಆ ಇಂಜೆಕ್ಷನ್ನೇ ಆಕ್ಸಿಟೋಸಿನ್.

ಈ ಔಷಧದ ಮೇಲೆ ನನಗೆ ಯಾವ ದೂರೂ ಇಲ್ಲ. ಅದು ತಾಯಿಯ ಮೆದುಳೇ ತಯಾರಿಸುವ ವಸ್ತು. ಮಗುವಿನ ತಲೆ ಗರ್ಭಕೋಶದ ಬಾಯನ್ನು ಒತ್ತಿದಂತೆಲ್ಲ ಮೆದುಳಿಗೆ ಸುದ್ದಿ ಮುಟ್ಟುತ್ತದೆ, ಆಕ್ಸಿಟೋಸಿನ್ ರಕ್ತಕ್ಕೆ ಸೇರುತ್ತದೆ, ಬೇನೆ ಬಲವಾಗುತ್ತದೆ, ತಲೆ ಇನ್ನಷ್ಟು ಕೆಳಗಿಳಿಯುತ್ತದೆ. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1955ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಬೇನೆ ಸೋತು ನಿತ್ರಾಣರಾದ ಎಷ್ಟೋ ಚೊಚ್ಚಲ ಬಸುರಿಯರನ್ನು ಈ ಔಷಧದ ಡ್ರಿಪ್ ಸಿಸೇರಿಯನ್ ಇಲ್ಲದೆಯೇ ದಡ ಮುಟ್ಟಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಇದನ್ನು ಯಾವಾಗ, ಹೇಗೆ ಕೊಡುತ್ತೇವೆ ಎಂಬುದರಲ್ಲಿ ತಾಯಿ-ಮಗುವಿನ ಜೀವ ನಿಂತಿದೆ. ಮಗು ಹುಟ್ಟಿದ ಕೂಡಲೇ ತಾಯಿಯ ತೊಡೆಗೆ 10 ಯೂನಿಟ್ ಕೊಟ್ಟರೆ ಗರ್ಭಕೋಶ ಬಿಗಿದು ರಕ್ತಸ್ರಾವ ಹಿಡಿತಕ್ಕೆ ಬರುತ್ತದೆ; ಪ್ರತಿ ಬಾಣಂತಿಗೂ ಇದು ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅದೇ 10 ಯೂನಿಟ್ಟನ್ನು ಮಗು ಇನ್ನೂ ಒಳಗಿರುವಾಗ ಸ್ನಾಯುವಿಗೆ ಚುಚ್ಚಿದರೆ ಅನಾಹುತ. ಬೇನೆ ಹೆಚ್ಚಿಸಬೇಕಾದಾಗ 500 ಎಂ.ಎಲ್. ಬಾಟಲಿಗೆ 2.5 ಯೂನಿಟ್ ಬೆರೆಸಿ, ನಿಮಿಷಕ್ಕೆ 10 ಹನಿಯಿಂದ ಶುರುಮಾಡಿ, ಅರ್ಧ ತಾಸಿಗೊಮ್ಮೆ ನೋಡಿ ನೋಡಿ ಏರಿಸಬೇಕು. ಆ ಮೊದಲ ವೇಗದಲ್ಲಿ 10 ಯೂನಿಟ್ ಹರಿಯಲು ಸುಮಾರು 67 ತಾಸು ಬೇಕು! ಡ್ರಿಪ್ ನಿಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ಬಲ ಇಳಿಯುತ್ತದೆ. ಸ್ನಾಯುವಿಗೆ ಚುಚ್ಚಿದ್ದನ್ನು ವಾಪಸು ತೆಗೆಯಲಾಗದು.

ಬೇನೆ ಬಂದಾಗಲೆಲ್ಲ ಮಾಸಿಗೆ ಹೋಗುವ ರಕ್ತ ತಗ್ಗುತ್ತದೆ. ಎರಡು ಬೇನೆಗಳ ನಡುವಿನ ಬಿಡುವಿನಲ್ಲಿ ಮಗು ಸುಧಾರಿಸಿಕೊಳ್ಳುತ್ತದೆ. 10 ನಿಮಿಷದಲ್ಲಿ 5ಕ್ಕಿಂತ ಹೆಚ್ಚು ಬೇನೆ ಬಂದರೆ ಆ ಬಿಡುವೇ ಉಳಿಯುವುದಿಲ್ಲ. ತಾಯಿಯ ಕಟಿಗಿಂತ ಮಗುವಿನ ತಲೆ ದೊಡ್ಡದಿದ್ದರೆ, ಹಿಂದೆ ಸಿಸೇರಿಯನ್ ಆದ ಗಾಯವಿದ್ದರೆ, ಗರ್ಭಕೋಶವೇ ಹರಿಯಬಹುದು. ಹಾಗೆ ಎಲ್ಲಿಯೋ ಇಂಜೆಕ್ಷನ್ ಮಾಡಿಸಿಕೊಂಡು, ಹೊಟ್ಟೆ ಕಲ್ಲಾಗಿ, ನಾಡಿ ಕ್ಷೀಣಿಸಿ ನಮ್ಮ ಬಾಗಿಲಿಗೆ ಬಂದವರನ್ನು ನಾನು ಮರೆತಿಲ್ಲ.

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಬೇನೆ ತಿನ್ನುತ್ತಿದ್ದವರು ಮೂವರು, ಡ್ಯೂಟಿಯಲ್ಲಿದ್ದವಳು ನಾನೊಬ್ಬಳು. ಚೊಚ್ಚಲ ಬಸುರಿಯೊಬ್ಬಳಿಗೆ ಆರು ಸೆಂಟಿಮೀಟರ್ ತೆರೆದು ತಾಸುಗಟ್ಟಲೆ ಅಲ್ಲೇ ನಿಂತಿತ್ತು. ಡಾಕ್ಟರು ಪರೀಕ್ಷಿಸಿ ಡ್ರಿಪ್ ಬರೆದರು. ಆ ನಿರ್ಧಾರ ಸರಿಯೇ ಇತ್ತು. ಅಷ್ಟರಲ್ಲಿ ಪಕ್ಕದ ಮೇಜಿನ ಮೇಲೆ ಹೆರಿಗೆಯಾಗಿ ರಕ್ತ ಸುರಿಯತೊಡಗಿತು. ಅದನ್ನು ನಿಲ್ಲಿಸಿ ತಿರುಗಿ ಬರುವಷ್ಟರಲ್ಲಿ ಈ ಹುಡುಗಿಯ ಬೇನೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. 110ರಿಂದ 160ರೊಳಗೆ ಇರಬೇಕಾದ ಮಗುವಿನ ಎದೆಬಡಿತ 90ಕ್ಕೆ ಇಳಿದಿತ್ತು. ಡ್ರಿಪ್ ಬಂದ್ ಮಾಡಿ ಅವಳನ್ನು ಎಡಮಗ್ಗುಲಿಗೆ ಹೊರಳಿಸಿದೆ. ಬಡಿತ ಮರಳಿತು. ನಸುಕಿನಲ್ಲಿ ಮಗು ಅತ್ತಾಗ ನಾನೂ ಅತ್ತೆ. ಇನ್ನೊಂದು ಹತ್ತು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೋ ಎಂಬ ಭಯ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆ ರಾತ್ರಿ ತಪ್ಪಿದ್ದು ಔಷಧವಲ್ಲ, ಡಾಕ್ಟರೂ ಅಲ್ಲ. ಆ ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂರಲು ಒಬ್ಬರಿರಲಿಲ್ಲ. ಅದಕ್ಕೇ ನನ್ನ ಮೊದಲ ಬೇಡಿಕೆ ಇದು: ಆಕ್ಸಿಟೋಸಿನ್ ಡ್ರಿಪ್ ಓಡುತ್ತಿರುವಷ್ಟು ಹೊತ್ತು ಆ ಹಾಸಿಗೆಗೆ ತರಬೇತಾದ ಒಬ್ಬರು ಮೀಸಲಿರಲಿ. ಅಷ್ಟು ಸಿಬ್ಬಂದಿ ಇಲ್ಲದ, ತುರ್ತು ಸಿಸೇರಿಯನ್ ಸೌಲಭ್ಯವೂ ಇಲ್ಲದ ಕಡೆ ಡ್ರಿಪ್ ಶುರುಮಾಡದೆ, ಹೊತ್ತು ಮೀರುವ ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸುವಂತೆ ಆದೇಶವಾಗಲಿ.

ಎರಡನೆಯದು, ಹೆರಿಗೆಗೆ ಮುನ್ನ ಸ್ನಾಯುವಿಗೆ ಕೊಡುವ ಪದ್ಧತಿ ಸರ್ಕಾರಿ, ಖಾಸಗಿ ಎರಡೂ ಕಡೆ ಪೂರ್ತಿ ನಿಲ್ಲಲಿ. ಡ್ರಿಪ್ ಯಾಕೆ, ಎಷ್ಟಕ್ಕೆ, ಯಾರು ಶುರುಮಾಡಿದರು ಎಂಬುದು ಕೇಸ್ ಶೀಟಿನಲ್ಲಿ ದಾಖಲಾಗಲಿ. ಬೇಕಿಲ್ಲದ ಕಡೆ ಬೇನೆ ಹೆಚ್ಚಿಸಬಾರದೆಂದು ಕೇಂದ್ರದ ‘ಲಕ್ಷ್ಯ’ ಕಾರ್ಯಕ್ರಮ ಹೇಳುತ್ತಲೇ ಬಂದಿದೆ. ಗರ್ಭಕೋಶದ ಬಾಯಿ ತಾಸಿಗೊಂದು ಸೆಂಟಿಮೀಟರ್ ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಸರ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಈ ಮಾತು ಆಶಾ ಕಾರ್ಯಕರ್ತೆಯರ ಮೂಲಕ ಏಳನೇ ತಿಂಗಳಲ್ಲೇ ಅತ್ತೆ, ತಾಯಿ, ಗಂಡ ಎಲ್ಲರಿಗೂ ಮುಟ್ಟಬೇಕು. ಅವಸರದ ಒತ್ತಡ ಹುಟ್ಟುವುದು ವಾರ್ಡಿನ ಹೊರಗಿನ ಬೆಂಚಿನ ಮೇಲೆ.

ಮೂರನೆಯದು ಫ್ರಿಜ್ಜು. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲು, ಹೋಗಿ ಬರುವ ಕರೆಂಟು ನಿಮಗೆ ಗೊತ್ತೇ ಇದೆ. ಕೆಟ್ಟ ಆಂಪೂಲ್ ನೋಡಲು ನೀರಿನಂತೆ ತಿಳಿಯಾಗಿಯೇ ಇರುತ್ತದೆ. ಬಾಣಂತಿಗೆ ಚುಚ್ಚಿದರೂ ರಕ್ತ ನಿಲ್ಲದಿದ್ದಾಗಲೇ ಅದರ ಸತ್ವ ಹೋಗಿರುವುದು ತಿಳಿಯುವುದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಐವಿ ದ್ರಾವಣದ ಗುಣಮಟ್ಟದ ಬಗ್ಗೆ ಇಡೀ ನಾಡು ಮಾತಾಡಿತು. ಅದೇ ಎಚ್ಚರ ಈ ಸಣ್ಣ ಆಂಪೂಲಿಗೂ ಬೇಕು: ಪ್ರತಿ ಲೇಬರ್ ವಾರ್ಡಿಗೆ ಬ್ಯಾಟರಿ ಬೆಂಬಲದ ಫ್ರಿಜ್, ದಿನಕ್ಕೆರಡು ಬಾರಿ ತಾಪಮಾನದ ದಾಖಲೆ, ಆಗಾಗ ಮಾದರಿಗಳ ಪರೀಕ್ಷೆ.

ದುರ್ಬಳಕೆಗೆ ನಿಷೇಧವೇ ಮದ್ದೆಂದು ಯಾರಾದರೂ ನಿಮಗೆ ಹೇಳಬಹುದು. ಹಾಲು ಕರೆಯಲು ದನಗಳಿಗೆ ಚುಚ್ಚುತ್ತಾರೆಂದು 2018ರಲ್ಲಿ ಕೇಂದ್ರ ಸರ್ಕಾರ ಇದರ ತಯಾರಿಕೆಯನ್ನು ನಮ್ಮ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಸಂಸ್ಥೆಯೊಂದಕ್ಕೇ ಸೀಮಿತಗೊಳಿಸಲು ಹೊರಟಿತ್ತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಔಷಧದ ಕೊರತೆಯಾದರೆ ಮೊದಲು ಪ್ರಾಣ ಬಿಡುವವಳು ಹಳ್ಳಿಯ ಬಾಣಂತಿ.

ಅದೇ 2018ರಲ್ಲಿ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ನಾವು ನರ್ಸುಗಳೆಲ್ಲ ಹಿಗ್ಗಿದ್ದೆವು. ಮನೆ ಹೆರಿಗೆಯ ಕಾಲ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಆ ಕಾಲದಲ್ಲಿ ಸತ್ತ ತಾಯಂದಿರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಆದರೆ ಹೆರುವವಳ ಪಕ್ಕದಿಂದ ಸೂಲಗಿತ್ತಿ ಏಳುತ್ತಿರಲಿಲ್ಲ. ಔಷಧ, ಆಪರೇಷನ್ ಕೋಣೆ, ಆಂಬುಲೆನ್ಸ್ ಎಲ್ಲ ಬಂದ ಮೇಲೆ ನಾವು ಕಳೆದುಕೊಂಡದ್ದು ಆ ಪಕ್ಕದ ಜಾಗವನ್ನು.

ಮಾನ್ಯರೇ, ಒಂದು ದಿನ, ಮುಂಚಿತವಾಗಿ ತಿಳಿಸದೆ, ರಾತ್ರಿ ಎರಡು ಗಂಟೆಗೆ ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಲೇಬರ್ ವಾರ್ಡಿಗೆ ಬನ್ನಿ. ಓಡುತ್ತಿರುವ ಡ್ರಿಪ್ಪುಗಳನ್ನು ಎಣಿಸಿ. ಆಮೇಲೆ ಅಲ್ಲಿರುವ ನರ್ಸುಗಳನ್ನು ಎಣಿಸಿ. ಎರಡೂ ಲೆಕ್ಕ ಸರಿಹೊಂದುವವರೆಗೆ ಹುದ್ದೆಗಳನ್ನು ತುಂಬಿ. ನಾನು ಕೇಳುತ್ತಿರುವುದು ಇಷ್ಟೇ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್