ಶಾಲೆಯಲ್ಲಿ ಅಲರ್ಜಿ: ಪಾಲಕರಿಗಾಗಿ ಕಾಯುವುದು ಬೇಡ

ಮಗುವಿನ ಮೈಮೇಲೆ ಗಂಧೆ ಎದ್ದರೆ ನಮ್ಮ ಶಾಲೆಗಳಲ್ಲಿ ಏನು ಮಾಡುತ್ತಾರೆ? ಆಫೀಸಿನಲ್ಲಿ ಕೂರಿಸಿ, ಯಾರದೋ ಚೀಲದಲ್ಲಿದ್ದ ಅವಿಲ್ ಮಾತ್ರೆ ಕೊಟ್ಟು, ಮನೆಗೆ ಫೋನ್ ಮಾಡುತ್ತಾರೆ. ಆಮೇಲೆ ತಂದೆಯೋ ತಾಯಿಯೋ ಬರುವ ತನಕ ಕಾಯುತ್ತಾರೆ. ಬಹಳಷ್ಟು ಸಲ ಇದರಿಂದ ತೊಂದರೆಯೇನೂ ಆಗುವುದಿಲ್ಲ, ಗಂಧೆ ತಾನಾಗಿ ಇಳಿಯುತ್ತದೆ. ಆದರೆ ಕೆಲವು ಮಕ್ಕಳ ವಿಷಯದಲ್ಲಿ ಈ ಕಾಯುವಿಕೆಯೇ ಅಪಾಯ.

ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ, ಸಿಗಡಿ, ಜೇನುಹುಳುವಿನ ಕಡಿತ, ಯಾವುದೋ ಔಷಧ, ಇವುಗಳಲ್ಲಿ ಒಂದು ಒಗ್ಗದ ಮಗುವಿಗೆ ಕೆಲವೇ ನಿಮಿಷಗಳಲ್ಲಿ ತುಟಿ, ನಾಲಿಗೆ ಊದಿಕೊಳ್ಳಬಹುದು. ದನಿ ಒಡೆಯುತ್ತದೆ, ಉಬ್ಬಸ ಬರುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿದು ಮಗು ತೂಕಡಿಸತೊಡಗುತ್ತದೆ. ಇದೇ ಅನಾಫಿಲ್ಯಾಕ್ಸಿಸ್. ಚರ್ಮದ ಮೇಲೆ ಒಂದು ದದ್ದೂ ಇಲ್ಲದೆ ಇದು ಬರುವುದುಂಟು. ‘ಗಂಧೆಯೇ ಇಲ್ಲ, ಅಲರ್ಜಿ ಹೇಗಾದೀತು?’ ಎಂದು ಮೋಸ ಹೋಗಬೇಡಿ.

ಇದಕ್ಕೆ ಮೊದಲ ಮದ್ದು ಅಡ್ರಿನಲಿನ್. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಗ್ಗದ ಇಂಜೆಕ್ಷನ್. ಅವಿಲ್ ತುರಿಕೆಯನ್ನು ತಗ್ಗಿಸುತ್ತದೆ, ಕಟ್ಟುತ್ತಿರುವ ಉಸಿರನ್ನು ಬಿಡಿಸುವುದಿಲ್ಲ. ಸ್ಟೀರಾಯ್ಡ್ ಕೆಲಸ ಮಾಡಲು ಗಂಟೆಗಳೇ ಬೇಕು.

2013ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ನಮ್ಮ ಸರಕಾರಿ ಶಾಲೆಗಳು ಮಕ್ಕಳಿಗೆ ಹಾಲು ಕೊಡುತ್ತಿವೆ, ಈಚಿನ ವರ್ಷಗಳಲ್ಲಿ ಮೊಟ್ಟೆಯನ್ನೂ ಕೊಡುತ್ತಿವೆ. ಎರಡೂ ಬೇಕು. (ಮೊಟ್ಟೆ ಬೇಡವೆನ್ನುವವರು ದಯವಿಟ್ಟು ನನ್ನನ್ನು ಸಾಕ್ಷಿಗೆ ಕರೆಯಬೇಡಿ!) ಆದರೆ ಊಟ ಬಡಿಸುವ ಶಾಲೆಗೆ ಯಾವ ಮಗುವಿಗೆ ಏನು ಒಗ್ಗದು ಎಂಬುದು ಗೊತ್ತಿರಲೇಬೇಕು.

‘ನಾವು ಸೂಜಿ ಚುಚ್ಚಿ ಏನಾದರೂ ಆದರೆ ಗತಿಯೇನು?’ ಎಂದು ಹೆಡ್ಮಾಸ್ತರರು ಕೇಳುತ್ತಾರೆ. ನ್ಯಾಯವಾದ ಭಯ. ಇಂಗ್ಲೆಂಡಿನಲ್ಲಿ 2017ರಿಂದ ಶಾಲೆಗಳೇ ವೈದ್ಯರ ಚೀಟಿಯಿಲ್ಲದೆ ಅಡ್ರಿನಲಿನ್ ಪೆನ್ ಕೊಂಡು ಇಟ್ಟುಕೊಳ್ಳಬಹುದು. ಇಲ್ಲಿ ಆ ಪೆನ್ ಸುಲಭವಾಗಿ ಸಿಗುವುದಿಲ್ಲ. ಸೀಸೆ ಒಡೆದು, ಅಳೆದು, ಚುಚ್ಚಿ ಎಂದು ಮೇಷ್ಟ್ರಿಗೆ ಹೇಳುವುದು ನನಗೂ ಸರಿಕಾಣದು. ಆದರೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಮದ್ದು ಸದಾ ಇರುತ್ತದೆ ಎಂದು ಶಾಲೆ ಮೊದಲೇ ವಿಚಾರಿಸಿಟ್ಟುಕೊಳ್ಳಬಹುದಲ್ಲ? ಲಸಿಕೆ ಹಾಕುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದು ಇರಬೇಕಾದ ಮದ್ದೇ. ಉಸಿರು ಕಟ್ಟಿದರೆ, ಮಗು ಕುಸಿದರೆ, 108 ಅಥವಾ ಕೈಗೆ ಸಿಕ್ಕ ವಾಹನ, ಯಾವುದು ಬೇಗವೋ ಅದರಲ್ಲಿ ಹೊರಡಿ. ಮನೆಗೆ ಫೋನ್ ದಾರಿಯಲ್ಲಿ ಮಾಡಿದರಾಯಿತು. ಮಗುವನ್ನು ನಡೆಸಬೇಡಿ. ಅಂಗಾತ ಮಲಗಿಸಿ ಕಾಲು ಎತ್ತಿಡಿ. ಏದುಸಿರು ಬಿಡುತ್ತಿದ್ದರೆ ಮಾತ್ರ ಕೂರಿಸಿ. ಚೇತರಿಸಿಕೊಂಡಿತೆಂದು ಕೂಡಲೇ ಮನೆಗೆ ಕರೆತರುವುದೂ ಬೇಡ, ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸಬಹುದು.

ಪಾಲಕರೇ, ನಿಮ್ಮದೂ ಒಂದು ಕೆಲಸವಿದೆ. ಜೂನ್‌ನಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವ ದಿನವೇ ಶಾಲೆಗೊಂದು ಪತ್ರ ಬರೆಯಿರಿ. ಮಗುವಿಗೆ ಏನು ಒಗ್ಗದು, ಹಿಂದೆ ಏನಾಗಿತ್ತು, ನಿಮ್ಮ ವೈದ್ಯರ ಫೋನ್ ಯಾವುದು ಎಂದು ತಿಳಿಸಿ, ಕೊನೆಯಲ್ಲಿ ‘ನಮಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ’ ಎಂದು ಬರೆದು ಇಬ್ಬರೂ ಸಹಿ ಹಾಕಿ. ಒಂದು ಪ್ರತಿ ತರಗತಿಯ ಶಿಕ್ಷಕರಿಗೆ, ಇನ್ನೊಂದು ಅಡುಗೆಯವರಿಗೆ.