ಚಿಂಚೋಳಿಯ ಗುಡ್ಡಗಳಿಗೆ ಕಿಚ್ಚು ಬೀಳುವ ಮುನ್ನ

ಕಲಬುರಗಿಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೆ,

ಕಣ್ಣು ಹಾಯುವಷ್ಟು ದೂರವೂ ತೊಗರಿ, ಜೋಳ, ಕಬ್ಬುಗಳ ಬಯಲೇ ಹರಡಿರುವ ಆಳಂದ ತಾಲ್ಲೂಕಿನ ನಿಂಬರ್ಗಾದವನೊಬ್ಬನು, ಜಿಲ್ಲೆಯ ಮತ್ತೊಂದು ಅಂಚಿನಲ್ಲಿ ತೆಲಂಗಾಣದ ಗಡಿಗೆ ಒತ್ತಿಕೊಂಡಿರುವ ಚಿಂಚೋಳಿಯ ಅರಣ್ಯದ ವಿಷಯವಾಗಿ ತಮಗೆ ಬರೆಯುವುದು ಅಧಿಕಪ್ರಸಂಗವೆಂದು ಯಾರಿಗಾದರೂ ತೋರಬಹುದು. ಆದರೆ ನಮ್ಮ ಹಳ್ಳಗಳ ನೀರು ಸೇರುವುದೂ ಭೀಮೆಯನ್ನೇ, ಆ ಗುಡ್ಡಗಳ ನೀರು ಮುಲ್ಲಾಮಾರಿ, ಕಾಗಿಣಾಗಳನ್ನು ಹಿಡಿದು ಬಂದು ಸೇರುವುದೂ ಅದೇ ಭೀಮೆಯನ್ನು. ಅದಲ್ಲದೆ, ನೆರಳೆಂದರೆ ಹೊಲದ ಬದುವಿನ ಬೇವು, ಜಾಲಿಗಳಷ್ಟೇ ಆಗಿರುವ ಈ ಸೀಮೆಯಲ್ಲಿ ಗುಡ್ಡ, ಕಾಡು, ಜಲಾಶಯ ಮೂರೂ ಒಂದೆಡೆ ಕೂಡಿರುವ ಆ ಸ್ಥಳವು ಜಿಲ್ಲೆಯ ಸಮಸ್ತರ ಸೊತ್ತೆಂದು ನಂಬಿರುವ ನನಗೆ ಮೌನವು ಉಚಿತವೆನಿಸಲಿಲ್ಲ.

2011ರಲ್ಲಿ 134.88 ಚದರ ಕಿಲೋಮೀಟರಿನ ಈ ಪ್ರದೇಶವು ವನ್ಯಜೀವಿಧಾಮವೆಂದು ಘೋಷಿತವಾಯಿತು. ತೇಗ, ಶ್ರೀಗಂಧ, ರಕ್ತಚಂದನಗಳು, ತೋಳ, ಕತ್ತೆಕಿರುಬಗಳು, ನಡುವೆ ಚಂದ್ರಂಪಳ್ಳಿಯ ಜಲರಾಶಿ: ಬಿಸಿಲನಾಡಿಗೆ ಪ್ರಕೃತಿಯು ಇತ್ತ ಔದಾರ್ಯವಿದು. ಆದರೆ ಒಣ ಎಲೆಯುದುರುವ ಕಾಡಿನ ಸ್ವಭಾವವೇ ಅದರ ಅಪಾಯವೂ ಹೌದು. ಸಂಕ್ರಾಂತಿ ಕಳೆದು ಬಿಸಿಲೇರುತ್ತ ಬಂದಂತೆ, ಅಂಗೈಗಿಂತ ಅಗಲವಾದ ತೇಗದ ಎಲೆಗಳು ಉದುರಿ, ಸುರುಟಿಕೊಂಡು, ಮೊಣಕಾಲುದ್ದದ ಒಣಹುಲ್ಲಿನ ಮೇಲೆ ಹಾಸಿಕೊಳ್ಳುತ್ತವೆ. ಆಗ ಬೀಳುವ ಕಿಡಿಯು ಮರದ ತುದಿಗೇರುವುದು ಅಪರೂಪ. ಅದು ನೆಲವನ್ನೇ ಹಿಡಿದು, ಹಗಲಿನಲ್ಲಿ ಜ್ವಾಲೆ ಕಾಣದಂತೆ, ಬರಿಯ ಚಟಪಟ ಸದ್ದಿನೊಡನೆ ಇಳಿಜಾರನ್ನೇರುತ್ತ ಹೋಗಿ, ಆ ವರ್ಷ ಮೊಳೆತ ಸಸಿಗಳನ್ನೂ ನೆಲದ ಮೇಲಿನ ಗೂಡುಗಳನ್ನೂ ಸುಟ್ಟು, ದೊಡ್ಡ ಮರಗಳನ್ನು ಮಾತ್ರ ಬಿಡುತ್ತದೆ. ದೂರದಿಂದ ನೋಡಿದವರು ಕಾಡು ಉಳಿಯಿತೆಂದು ತಿಳಿಯುತ್ತಾರೆ. ಉಳಿದದ್ದು ಮರಗಳು, ಹೋದದ್ದು ಮುಂದಿನ ಕಾಡು.

ಇದರ ಶೇಷಫಲವು ನೀರಿನಲ್ಲಿ ಕಾಣಿಸುತ್ತದೆ. ಎಲೆಯ ಹೊದಿಕೆ ಸುಟ್ಟು ಬತ್ತಲಾದ ಇಳಿಜಾರಿನ ಮೇಲೆ ಮುಂಗಾರಿನ ಮೊದಲ ಬಿರುಮಳೆ ಸುರಿದಾಗ, ಬೂದಿಯೊಡನೆ ಮೇಲ್ಮಣ್ಣೂ ಕೊಚ್ಚಿಕೊಂಡು ಬಂದು ಜಲಾಶಯದ ತಳದಲ್ಲಿ ಹೂಳಾಗಿ ಕೂರುತ್ತದೆ. ಹೀಗಾಗಿ ಗುಡ್ಡದಲ್ಲಿ ಬಿದ್ದ ಬೆಂಕಿಯ ದಂಡವನ್ನು, ಅದನ್ನು ಹಚ್ಚದಿದ್ದ, ಕಾಲುವೆಯ ಕೆಳಗಿನ ರೈತನು ವರ್ಷಗಟ್ಟಲೆ ತೆರುತ್ತಾನೆ.

ನಮ್ಮ ನಾಡಿನ ಕಾಡುಗಳಲ್ಲಿ ಬೆಂಕಿಯು ತಾನಾಗಿ ಹುಟ್ಟುವುದು ಅತ್ಯಪೂರ್ವ. ಹೊಸ ಹುಲ್ಲಿನ ಆಸೆ, ಜೇನಿಗೆಂದು ಹಿಡಿದ ದೀವಟಿಗೆ, ಆರದ ಬೀಡಿ, ಅಂಚಿನ ಹೊಲದ ಕಸಕ್ಕಿಟ್ಟ ಬೆಂಕಿ, ಕೆಲವೊಮ್ಮೆ ಇಲಾಖೆಯ ಮೇಲಿನ ಮುನಿಸು, ಇವೇ ಮೂಲ. ಕಬ್ಬಿನ ರವದಿಗೆ ಬೆಂಕಿಯಿಡುವುದನ್ನು ತಪ್ಪೆಂದೇ ಎಣಿಸದ ನಮ್ಮ ಸೀಮೆಯವರೂ ಈ ಉದಾಸೀನದಲ್ಲಿ ಪಾಲುಗಾರರೇ ಸರಿ. ಮನುಷ್ಯನಿಂದ ಹುಟ್ಟುವುದಾದ ಕಾರಣ ಅದನ್ನು ತಡೆಯುವ ದಾರಿಯೂ ಮನುಷ್ಯರ ಮೂಲಕವೇ ಹಾದುಹೋಗಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರವು ಉರಿದು ಸಹಸ್ರಾರು ಎಕರೆ ಬೂದಿಯಾದಾಗ ವಾಯುಪಡೆಯ ಹೆಲಿಕಾಪ್ಟರುಗಳು ಆಕಾಶದಿಂದ ನೀರು ಸುರಿಯಬೇಕಾಯಿತು. ಬಂಡೀಪುರದ ಕೀರ್ತಿಯಿಲ್ಲದ ಚಿಂಚೋಳಿಯು ಅಂಥ ನೆರವನ್ನು ನೆಚ್ಚಿಕೊಂಡಿರಲಾಗದು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹದ ಕಣ್ಣಿಗೆ ಬಿದ್ದ ಕಿಚ್ಚಿನ ಸುದ್ದಿಯನ್ನು ಮೊಬೈಲಿಗೆ ಕಳುಹಿಸುತ್ತದೆ, ನಿಜ. ಆದರೆ ಉಪಗ್ರಹವು ಮೇಲೆ ಹಾಯುವ ಹೊತ್ತಿಗಿಂತ ಮುಂಚೆಯೇ ಹೊಗೆಯನ್ನು ಕಾಣುವವನು ತಾಂಡಾದ ದನಗಾಹಿ. ಅವನನ್ನು ಶಂಕಿತನೆಂದು ನೋಡುವ ರೂಢಿ ಬಿಟ್ಟು ಕಾವಲುಗಾರನೆಂದು ನೇಮಿಸಿಕೊಂಡರೆ, ಹಸಿಸೊಪ್ಪಿನ ಕೊಂಬೆಯೊಂದರಿಂದಲೇ ಬಡಿದಾರಿಸಬಹುದಾದ ಬೆಂಕಿಯು ದಾವಾನಲವಾಗುವುದಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿಯಿಷ್ಟೆ. ಬೆಂಕಿ ರೇಖೆಗಳನ್ನು ಎಲೆಯುದುರುವ ಮೊದಲೇ ಹೆರೆಸಿ ಮುಗಿಸಿರಿ. ಕಾವಲುಗಾರರನ್ನು ಕಾಡಿನಂಚಿನ ತಾಂಡಾಗಳಿಂದಲೇ ಆರಿಸಿ, ಮಳೆ ಬೀಳುವವರೆಗೂ ಇರಿಸಿಕೊಂಡು, ಅವರ ಕೂಲಿಯನ್ನು ತಿಂಗಳು ತಪ್ಪದೆ ಕೊಡಿಸಿರಿ. ಬೂಟು, ನೀರು, ಮುಖಕ್ಕೆ ರಕ್ಷಣೆಯಿಲ್ಲದೆ ಯಾರನ್ನೂ ಬೆಂಕಿಯೆದುರಿಗೆ ಕಳುಹಿಸಬೇಡಿರಿ. ಹಿಂದಿನ ಬೇಸಿಗೆಯಲ್ಲಿ ಎಲ್ಲೆಲ್ಲಿ ಎಷ್ಟು ಸುಟ್ಟಿತೆಂಬುದನ್ನು ಗ್ರಾಮ ಪಂಚಾಯಿತಿಗಳ ಫಲಕದ ಮೇಲೆ ಬರೆಸಿರಿ. ಇದಕ್ಕೆ ಬೇಕಾದ ಆದೇಶವು ಈ ಸಲ ಸಂಕ್ರಾಂತಿಗೆ ಮುಂಚೆಯೇ ತಮ್ಮ ಕಚೇರಿಯಿಂದ ಹೊರಡಲೆಂದು ಪ್ರಾರ್ಥಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ನಿಂಬರ್ಗಾದ ಒಬ್ಬ ನಾಗರಿಕ